ಮುಕ್ಕಾಲಿ ಅಲ್ಲಾಡಲಿಲ್ಲ

ಸೀವುಡ್ಸ್, ನವಿ ಮುಂಬಯಿ
11 ಮೇ 2025, ಭಾನುವಾರ

ಪ್ರೀತಿಯ ಮಗಳು ನಿಶ್ಮಿತಾಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ಮಗಾ? ಕಾಲು ಬಾತುಕೊಳ್ಳುವುದು ಕಡಿಮೆಯಾಯಿತೇ? ಅಳಿಯ ವಿಕಾಸ್, ತಮ್ಮ ಹೋಟೆಲಿನ ಒಲೆ ಮುಂದೆ ನಿಂತು ನಿಂತು ಕೆಮ್ಮುತ್ತಿದ್ದರಲ್ಲ, ಈಗ ವಾಸಿಯೇ? ನಿನ್ನ ಅತ್ತೆ ಪ್ರಫುಲ್ಲಮ್ಮನವರಿಗೆ ಮಸ್ಕತ್ತಿನ ಬಿಸಿಲು ಒಗ್ಗಿತೇ? ಹೊಟ್ಟೆಯೊಳಗಿನ ಪುಟ್ಟ ಜೀವದ ಕ್ಷೇಮವನ್ನೂ ಅಜ್ಜ ಕೇಳಿದ್ದಾರೆಂದು ಅದಕ್ಕೆ ಹೇಳು. ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ, ಗಾಬರಿಯಾಗಬೇಡ, ನಿಧಾನವಾಗಿ ಓದು. ನೀನು ಕನ್ನಡ ಕೂಡಿಸಿ ಕೂಡಿಸಿ ಓದುವವಳೆಂದು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದಿದ್ದೇನೆ.

ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬಹುದು. ಹೋದ ತಿಂಗಳ ಬಿಸು ಹಬ್ಬದ ಮಾರನೆಯ ದಿನದಿಂದ ನೀನು ನಮ್ಮ ಫೋನು ಎತ್ತುತ್ತಿಲ್ಲ. ಎತ್ತಿದರೂ ಎರಡು ಕೋಣೆಯ ಈ ಮನೆಯಲ್ಲಿ ಅಮ್ಮನಿಗೆ ಕೇಳಿಸದಂತೆ ಮಾತಾಡುವ ಮೂಲೆ ಎಲ್ಲಿದೆ? ಪಕ್ಕದ ಮನೆಯ ಕಾಂಚನಾಳ ಮೈದುನ ಮಂಗಳವಾರ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಹಬ್ಬದ ದಿನ ಅಮ್ಮ "ಹೆರಿಗೆ ಅಲ್ಲೇ ಮಾಡಿಸಿಕೊ, ಆಸ್ಪತ್ರೆ ಚೆನ್ನಾಗಿದೆಯಲ್ಲ, ಇಲ್ಲಿಗೆ ಬಂದು ಏನು ಮಾಡ್ತಿ?" ಎಂದಳು. ನೀನು "ಚೊಚ್ಚಲ ಹೆರಿಗೆಗೆ ಮಗಳು ಬೇಡ ಅಂದ ತಾಯಿ ಊರಿಗೆಲ್ಲ ನೀನೊಬ್ಬಳೇ" ಎಂದು ಫೋನಿಟ್ಟೆ. ನಿನ್ನ ತಪ್ಪಿಲ್ಲ ಮಗಾ. ನನಗೂ ಅವಳ ಮೇಲೆ ಸಿಟ್ಟು ಬಂದಿತ್ತು, ಎರಡು ಹೊತ್ತು ಮಾತಾಡಲಿಲ್ಲ. ಅವಳು ಹಾಗೆ ಅಂದದ್ದು ಯಾಕೆಂದು ತಿಳಿದದ್ದು ನಿನ್ನ ಕ್ಯಾಮರಾದಿಂದ. ಅದನ್ನು ಹೇಳಲಿಕ್ಕೇ ಈ ಕಾಗದ.

ನಿನ್ನ ಸೀಮಂತ ಅಲ್ಲಿ ಮಸ್ಕತ್ತಿನಲ್ಲೇ ಆದರೂ ಅದರ ಮಲ್ಲಿಗೆಯನ್ನು ತವರಿನವರು ಕಟ್ಟಿ ಮುಡಿಸುವುದು ನಮ್ಮ ಕ್ರಮ. ಮುನಿಸಿಗೆ ಮೊದಲು ನೀನೇ ಹೇಳಿದ್ದೆ, ಅಮ್ಮ ಕಟ್ಟುವುದನ್ನು ಮೊಬೈಲ್ ವಿಡಿಯೊದಲ್ಲಿ ನೋಡಿದರೆ ಬೆರಳು ಮಾತ್ರ ಕಾಣುತ್ತದೆ, ಗಂಟು ಕಾಣುವುದಿಲ್ಲ, ಹತ್ತಿರದಿಂದ ಒಂದೊಂದೇ ಫೋಟೊ ತೆಗೆದು ಕಳಿಸಿ, ನಾನೇ ಕಲಿತು ಕಟ್ಟಿಕೊಳ್ಳುತ್ತೇನೆ ಎಂದು. ಮುನಿಸಿನ ನಂತರವೂ ಅಮ್ಮ ಅದನ್ನು ಮರೆಯಲಿಲ್ಲ. "ನನ್ನ ಕೈಯ ಗಂಟಾದರೂ ಅವಳ ತಲೆಯಲ್ಲಿರಲಿ" ಎಂದು ನನ್ನ ಬೆನ್ನು ಹತ್ತಿದಳು. ನೀನು ಕೆರೆ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಹಿಂದೆ ಓಡುತ್ತಿದ್ದ ಆ ಕ್ಯಾಮರಾ, ಕ್ಲೋಸ್‌ಅಪ್ ಲೆನ್ಸು ಎಲ್ಲ ಕಪಾಟಿನಲ್ಲಿ ಹಾಗೇ ಇದ್ದವು. ಬಾಲ್ಕನಿಯ ಕುಂಡದ ಮಲ್ಲಿಗೆ ಈ ವರ್ಷ ಚೆನ್ನಾಗಿ ಬಿಟ್ಟಿದೆ. ಅಮ್ಮ ಸ್ಟೀಲಿನ ಹರಿವಾಣದಲ್ಲಿ ಮೊಗ್ಗು ಹರಡಿ, ಬಾಳೆನಾರು ನೆನೆಸಿ ಕುಳಿತಳು. ನಾನು ಕೈಯಲ್ಲೇ ಕ್ಯಾಮರಾ ಹಿಡಿದು ತೆಗೆದೆ. ಎಲ್ಲ ಮಸುಕು. ಎಪ್ಪತ್ತರ ಕೈ, ಸಹಜ ಎಂದುಕೊಂಡೆ. ನನ್ನ ಕೈ ಅಂತ.

ಅದಕ್ಕೇ ವಾಶಿಗೆ ಹೋಗಿ ಟ್ರೈಪಾಡ್ ತಂದೆ. ನನ್ನ ಬಾಯಲ್ಲಿ ಅದು ಮುಕ್ಕಾಲಿ. ಹಗುರದ್ದು, ಕಡ್ಡಿಯಂಥ ಕಾಲು, ನಡುವಿನ ಕಂಬ ಎತ್ತಿದರೆ ಗಾಳಿಗೇ ತೂಗುತ್ತಿತ್ತು. ಮತ್ತೆ ಮಸುಕು. ರೈಲು ಹೋಗುವಾಗ ಕಟ್ಟಡ ನಡುಗುತ್ತದೆಂದು ತಪ್ಪನ್ನು ರೈಲಿನ ಮೇಲೆ ಹಾಕಿದೆ. ರೈಲಿಲ್ಲದ ಹೊತ್ತು ನೋಡಿ ತೆಗೆದೆ. ಸಂಚಿಯಲ್ಲಿ ಇಡ್ಲಿ ಅಕ್ಕಿ ತುಂಬಿ ಕಂಬಕ್ಕೆ ಜೋತುಬಿಟ್ಟೆ. ಅಮ್ಮ ತುಳುವಿನಲ್ಲಿ "ಈರೆಗ್ ಬೇತೆ ಬೇಲೆ ಇಜ್ಜಾ?" ಎಂದು ನಕ್ಕಳು. ಬೇರೆ ಕೆಲಸ ಏನಿದೆ ನನಗೆ, ಹೋಟೆಲು ಬಿಟ್ಟ ಮೇಲೆ?

ಆಮೇಲೆ ಠಾಣೆಯ ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ಹಿತೇಶ್ ಎಂಬ ಗುಜರಾತಿ ಹುಡುಗ, ನಿನ್ನ ಪ್ರಾಯದವನು. ನಾನು ನನ್ನ ಹಳೆಯ ಉಪಾಯ ತೆಗೆದೆ. ಹೋಟೆಲಿಗೆ ಹೊಸ ಮೇಜು ಬಂದರೆ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು, ಮೇಜನ್ನು ಮೆಲ್ಲಗೆ ತಟ್ಟಿ, ನೀರು ಬೇಗ ನಿಂತರೆ ಮೇಜು ಒಳ್ಳೆಯದೆಂದು ಒಪ್ಪುತ್ತಿದ್ದೆವಲ್ಲ, ಹಾಗೆಯೇ ಕ್ಯಾಮರಾ ಕೂರುವ ಚಪ್ಪಟೆ ಜಾಗದಲ್ಲಿ ಲೋಟ ಇಟ್ಟೆ. ಅಂಗಡಿಯವರೆಲ್ಲ ನೋಡುತ್ತಿದ್ದರು. ಹಿತೇಶ್ "ಕಾಕಾ, ಇಸ್‌ಪೇ ಚಾಯ್ ಪೀನಾ ಹೈ ಕ್ಯಾ?" ಎಂದ, ನಾನು ಅದರ ಮೇಲೆ ಚಹಾ ಕುಡಿಯಲು ಬಂದವನ ಹಾಗೆ. ಕಾಲು ದಪ್ಪ ಇದ್ದ, ನಡುಕಂಬ ಇಲ್ಲದೆ ನೆಲಕ್ಕೆ ತಗ್ಗಿ ಕೂರುವಂಥ ಒಂದರಲ್ಲಿ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತಿತು. ಅದೇ ಸಾಕೆಂದೆ. ಅವನು ಕ್ಯಾಮರಾ ಕೂರಿಸುವ ಮೇಲಿನ ತಲೆಯನ್ನು ಬದಲಾಯಿಸಿ ಎಂದ. "ಪಾಂವ್ ಮಜಬೂತ್ ಹೈ ಕಾಕಾ, ಗರ್ದನ್ ಕಚ್ಚೀ ಹೈ." ಕಾಲು ಗಟ್ಟಿ, ಕತ್ತು ಎಳಸು. ನಾನು ಕೇಳಲಿಲ್ಲ, ನೀರೇ ನಿಂತಿದೆಯಲ್ಲ!

ಮನೆಗೆ ತಂದು ನೋಡಿದರೆ ಅವನು ಹೇಳಿದ್ದೇ ಸರಿ. ಲೋಟ ನೆಟ್ಟಗೆ ಕೂರುತ್ತದೆ, ಕ್ಯಾಮರಾ ಹೂವಿನ ಕಡೆ ಮೂತಿ ಬಗ್ಗಿಸಿ ಕೂರುತ್ತದೆ. ಮುಕ್ಕಾಲಿಯ ಆ ಗುಂಡುತಲೆಯನ್ನು ಎಷ್ಟು ಬಿಗಿದರೂ ಲೆನ್ಸಿನ ಭಾರಕ್ಕೆ ಕೂದಲೆಳೆಯಷ್ಟು ಕುಸಿಯುತ್ತಿತ್ತು. ದೂರದ ಫೋಟೊಗೆ ಅದು ಲೆಕ್ಕಕ್ಕಿಲ್ಲ, ಮೊಗ್ಗಿನ ತೊಟ್ಟನ್ನು ನೋಡುವಾಗ ಒಂದು ಕೂದಲೆಳೆಯೆಂದರೆ ಒಂದು ಊರೇ ಜಾರಿದಂತೆ. ಮತ್ತೆ ಠಾಣೆ. ಹಿತೇಶ್ ಮೂರು ತಿರುಪು ಇರುವ ತಲೆ ಹಾಕಿಕೊಟ್ಟ. ಒಂದು ತಿರುಪು ತಿರುಗಿಸಿದರೆ ಅದೊಂದೇ ದಿಕ್ಕಿಗೆ ಚೂರೇ ಚೂರು ಸರಿಯುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಬಟನ್ ಒತ್ತಿದರೂ ಅಲ್ಲಾಡುತ್ತದೆಂದು ದೂರದಿಂದ ಒತ್ತುವ ರಿಮೋಟನ್ನೂ ಕೊಟ್ಟ.

ಕಳೆದ ಭಾನುವಾರ ಬೆಳಿಗ್ಗೆ, ಮೊದಲು ಬರೇ ಹರಿವಾಣದ ಫೋಟೊ ತೆಗೆದೆ. ಮಗಾ, ಮೊಗ್ಗಿನ ಮೇಲಿನ ನೀರ ಹನಿಯಲ್ಲಿ ನಮ್ಮ ಕಿಟಕಿ ಕಾಣುತ್ತಿತ್ತು! ಗೆದ್ದೆ ಎಂದುಕೊಂಡು ಅಮ್ಮನನ್ನು ಕೂರಿಸಿದೆ. ಅವಳು ಎಡಗೈಯಲ್ಲಿ ಜೋಡಿ ಮೊಗ್ಗು ಹಿಡಿದು, ನಾರು ಸುತ್ತಿ, ನಾನು ಹೇಳಿದಲ್ಲಿ ನಿಲ್ಲಿಸಿದಳು. ದೂರದಿಂದ ಒತ್ತಿದೆ. ದೊಡ್ಡದು ಮಾಡಿ ನೋಡಿದೆ. ಹರಿವಾಣದ ಅಂಚು ಸ್ಪಷ್ಟ. ಕೆಳಗಿನ ಮೊಗ್ಗು ಸ್ಪಷ್ಟ. ಬೆರಳು ಮಾತ್ರ ಹೊಗೆಯಂತೆ. ಮತ್ತೊಂದು ತೆಗೆದೆ. ಮತ್ತೂ ಒಂದು. ಮುಕ್ಕಾಲಿ ಅಲ್ಲಾಡಿದ್ದರೆ ಹರಿವಾಣವೂ ಮಸುಕಾಗಬೇಕಿತ್ತು. ನಾನು ಪರದೆಯಿಂದ ತಲೆಯೆತ್ತಿ ಅವಳ ಕೈ ನೋಡಿದೆ. ನಲವತ್ತು ವರ್ಷ ಅದೇ ಕೈಯಿಂದ ಉಂಡವನು, ನೋಡಿರಲಿಲ್ಲ. ಅವಳು ಥಟ್ಟನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು "ಚಳಿ" ಎಂದಳು. ಮೇ ತಿಂಗಳಲ್ಲಿ, ನವಿ ಮುಂಬಯಿಯಲ್ಲಿ.

ನಾನು ಕ್ಯಾಮರಾ ಆರಿಸಿದೆ. ಆಮೇಲೆ ಅವಳೇ ಹೇಳಿದಳು. ಚಳಿಗಾಲದಿಂದ ಶುರುವಾಗಿದೆಯಂತೆ. ಕಣ್ಣು ತೋರಿಸಲು ಹೋಗುತ್ತೇನೆಂದು ನನಗೆ ಹೇಳಿ, ಕಾಂಚನಾಳನ್ನು ಕರೆದುಕೊಂಡು ನರದ ಡಾಕ್ಟರರಿಗೆ ತೋರಿಸಿ ಬಂದಿದ್ದಾಳೆ. ನಡುಕದ ಕಾಯಿಲೆ. ಮಾತ್ರೆಯಿಂದ ನಿಧಾನವಾಗುತ್ತದೆ, ಹೋಗುವುದಿಲ್ಲ. ಬಿಸುವಿಗೆ ಮೊದಲು ಒಂದು ಸಂಜೆ ಬಾಲ್ಕನಿಯಲ್ಲಿ ಒದ್ದೆ ದಿಂಬು ಒಣಗುತ್ತಿತ್ತು, ಕೇಳಿದರೆ ನೀರು ಚೆಲ್ಲಿತು ಎಂದಿದ್ದಳು. ಅವತ್ತು ಅವಳು ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕಾಲಿನ ಮೇಲೆ ಆ ದಿಂಬು ಮಲಗಿಸಿಕೊಂಡು, ಒಂದು ಕೈಯಲ್ಲಿ ಅದರ ಕತ್ತು ಹಿಡಿದು ಚೆಂಬಿನಿಂದ ನೀರು ಹೊಯ್ದು ನೋಡಿದ್ದಳಂತೆ. ಬಾಣಂತನಕ್ಕೆ ನೀನು ಬರುತ್ತೀಯೆಂದು, ಮಗುವನ್ನು ಮೀಯಿಸಲು ಕೈ ಸಾಗುತ್ತದೆಯೇ ಎಂದು. "ಚೆಂಬು ಹೋಗಿ ಅದರ ತಲೆಗೆ ಬಡಿಯಿತು ಮಾರಾಯ್ರೇ, ದಿಂಬಾದ ಕಾರಣ ಅಳಲಿಲ್ಲ" ಎಂದಳು. ಅದಾದ ಮೇಲೆಯೇ ಅವಳು ಹಬ್ಬದ ದಿನ ನಿನಗೆ ಅಲ್ಲೇ ಹೆರಿಗೆ ಮಾಡಿಸಿಕೊ ಎಂದದ್ದು. "ಬಸುರಿಗೆ ಕೆಟ್ಟ ಸುದ್ದಿ ಹೇಳಬಾರದು. ನನ್ನ ಮೇಲೆ ಸಿಟ್ಟಾದರೂ ಆಗಲಿ, ಹೆದರುವುದು ಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮಾತು ಕೊಟ್ಟು ಒಂದು ವಾರವಷ್ಟೇ ಆಯಿತು, ಮುರಿಯುತ್ತಿದ್ದೇನೆ. ನೀನು ಸಿಟ್ಟಿನಲ್ಲಿ ಒಳಗೊಳಗೇ ಬೇಯುವುದಕ್ಕಿಂತ ಅಳುವುದೇ ಮೇಲು ಎಂದು ನನಗನ್ನಿಸಿತು. ತಪ್ಪೋ ಸರಿಯೋ ದೇವರಿಗೆ ಗೊತ್ತು.

ಕ್ಯಾಮರಾದ ವೇಗ ಹೆಚ್ಚಿಸಿ, ಪಕ್ಕದಲ್ಲೊಂದು ದೀಪ ಇಟ್ಟರೆ ನಡುಕ ಕಾಣುವುದೇ ಇಲ್ಲವೆಂದು ಹಿತೇಶ್ ಫೋನಿನಲ್ಲಿ ಹೇಳಿದ. ಹಾಗೆ ತೆಗೆದ ಗಂಟಿನ ಫೋಟೊಗಳನ್ನು ಮೊಬೈಲಿಗೆ ಕಳಿಸಿದ್ದೇನೆ. ಅಮ್ಮ ನೋಡಿ "ನನ್ನದೇ ಕೈಯಾ ಇದು?" ಎಂದು ಬಹಳ ಹೊತ್ತು ನೋಡುತ್ತಿದ್ದಳು. ಹೊಗೆಯಂತೆ ಬಂದ ಒಂದನ್ನು ಮಾತ್ರ ಅಚ್ಚು ಹಾಕಿಸಿ ಈ ಕಾಗದದೊಳಗಿಟ್ಟಿದ್ದೇನೆ. ಅತ್ತೆಯವರಿಗೆ ನಮ್ಮಿಬ್ಬರ ನಮಸ್ಕಾರ, ವಿಕಾಸ್‌ಗೆ ಆಶೀರ್ವಾದ. ನಮ್ಮ ಕುಲದ ದೈವ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಹರಿಶ್ಚಂದ್ರ

ತಾ.ಕ.: ಅಮ್ಮ ಹೂ ತಂದು ಒಳಗೆ ಬರುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೆರಿಗೆಗೆ ಇಲ್ಲಿಗೇ ಬಾ. ತಿಂಗಳು ತುಂಬುತ್ತಾ ಹೋದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲವಂತೆ, ಸೀಮಂತ ಮುಗಿದ ಕೂಡಲೇ ಹೊರಡಬೇಕು. ಮಗುವನ್ನು ಮೀಯಿಸಲು ನೆರುಳಿನ ಒಬ್ಬ ಹೆಂಗಸನ್ನು, ಇಲ್ಲಿಯವರು ಬಾಯಿ ಎನ್ನುತ್ತಾರಲ್ಲ, ಕಾಂಚನಾ ಗೊತ್ತು ಮಾಡಿಕೊಡುತ್ತಾಳೆ. ಅಮ್ಮ ಪಕ್ಕದಲ್ಲಿ ಮಣೆ ಹಾಕಿ ಕುಳಿತು, ನೀರು ಬಿಸಿ ಹೆಚ್ಚಾಯಿತು, ಎಣ್ಣೆ ಕಡಿಮೆಯಾಯಿತು ಎಂದು ಆ ಬಾಯಿಯ ಜೀವ ತಿಂದರೆ ಸಾಕು. ನಿನಗೆ ವಿಷಯ ಗೊತ್ತೆಂದು ಅವಳಿಗೆ ತೋರಿಸಬೇಡ. ಫೋನು ಮಾಡಿ ಮೊದಲಿನ ಹಾಗೆ ಜಗಳ ಮಾಡು, "ನೀನು ಬೇಡ ಅಂದರೂ ಬರ್ತೇನೆ" ಅನ್ನು. ಅವಳು ಬೈದರೂ ಫೋನಿಡಬೇಡ. ಬರುವ ದಿನ ಯಾವುದೆಂದು ನನಗೆ ಬೇರೆಯಾಗಿ ಬರೆ ಮಗಾ. ಕನ್ನಡ ಕಷ್ಟವಾದರೆ ಹಿಂದಿಯಲ್ಲೇ ಬರೆ, ಎರಡೇ ಸಾಲು ಸಾಕು. ಬೇಗ ಬರೆ.