ಅದಲುಬದಲಾದ ಮಿಲ್ಕ್‌ಶೇಕ್

ಮೇ ೬, ಬೆಳಿಗ್ಗೆ

ಇವತ್ತೂ ತಿಂಡಿ ಅಲ್ಲೇ. ಬಂದಾಗಿನಿಂದ ಅದೇ ಅಮೆರಿಕದ ಬರ್ಗರ್ ಅಂಗಡಿ, ಅದೇ ಕಿಟಕಿ ಪಕ್ಕದ ಟೇಬಲ್. ಗೈಡ್ ಮೇಡಂ ಮುಖ ಗಂಟು ಹಾಕಿಕೊಂಡಿದ್ದಾರೆ. "ಇಷ್ಟು ದೂರ ಬಂದು ಅಮೆರಿಕದ್ದು ತಿಂತೀರಲ್ಲ ಸಾರ್, ಈ ಊರಿನ ಊಟ ನಿಮಗೇನು ಮಾಡಿತ್ತು?" ನಮ್ಮ ಯಜಮಾನರು ಕೇಳಿಸದವರ ಹಾಗೆ ಫ್ರೈಸ್ ಅಗಿಯುತ್ತಿದ್ದರು. ಕರುಂ ಕುರುಂ.

ನನಗೂ ಈ ಅಂಗಡಿ ಇಷ್ಟವೇ, ಸುಳ್ಳು ಯಾಕೆ ಹೇಳಲಿ. ಗೋಡೆಯ ಮೇಲೆ ದೊಡ್ಡ ಸ್ಕ್ರೀನು, ಚಿತ್ರ ಮುಟ್ಟಿದರೆ ಸಾಕು. ಭಾಷೆ ಬರುವುದಿಲ್ಲ ಎಂದು ಕಣ್ಣು ಪಿಳಿಪಿಳಿ ಬಿಡಬೇಕಾಗಿಲ್ಲ. ಬಾತ್‌ರೂಮು ನಮ್ಮ ಮನೆಯದಕ್ಕಿಂತ ಚೊಕ್ಕಟ. ಎಷ್ಟು ಹೊತ್ತು ಕೂತರೂ "ಇನ್ನೇನು ಬೇಕು?" ಎಂದು ತಲೆಯ ಮೇಲೆ ಬಂದು ನಿಲ್ಲುವವರಿಲ್ಲ. ಮದುವೆಯಾದಾಗಿನಿಂದ ಗಲ್ಲಾ ಹಿಂದೆ ಅವಸರದಲ್ಲಿ ಉಂಡವಳು ನಾನು. ಇಲ್ಲಿ ಗಿರಾಕಿಯಾಗಿ ಕಾಲು ಚಾಚಿ ಕೂತು ತಿನ್ನುತ್ತಿದ್ದೇನೆ. ರಾಣಿ!

ಎಣ್ಣೆ ಕಂಪನಿಯ ಪುಣ್ಯ. ಅವರ ಎಣ್ಣೆ ಹೆಚ್ಚು ಕೊಂಡ ಹೋಟೆಲಿನವರಿಗೆಲ್ಲ ಫಾರಿನ್ ಟೂರು. ಬಸ್ಸಿನ ತುಂಬ ಹೋಟೆಲಿನವರೇ. ಅವರ ಜೊತೆ ಊಟಕ್ಕೆ ಕೂರುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ತುತ್ತು ಗಂಟಲಿಗಿಳಿಯುವ ಮೊದಲೇ ಶುರು — ಇದಕ್ಕೆ ಏನು ಹಾಕಿದ್ದಾರೆ ಹೇಳಿ, ಒಗ್ಗರಣೆ ಯಾವ ಎಣ್ಣೆ ಹೇಳಿ... ಈ ಆಟದಲ್ಲಿ ಇವರನ್ನು ಸೋಲಿಸಿದವರಿಲ್ಲ. ಇಲ್ಲಿ ಮಾತ್ರ ತುಟಿ ಪಿಟಕ್ಕೆನ್ನುತ್ತಿಲ್ಲ. "ಹೊಟ್ಟೆ ತೊಳಸ್ತಿದೆ" ಎಂದು ಎಲ್ಲರ ನಡುವಿನಿಂದ ಎದ್ದು ಬರುತ್ತಾರೆ. ಆಮೇಲೆ ಬರ್ಗರ್ ಅಂಗಡಿಯಲ್ಲಿ ಎರಡು ಬರ್ಗರ್. ಹೊಟ್ಟೆ ತೊಳಸುವವರ ಲಕ್ಷಣವೇ ಇದು?

ಸಂಜೆ

ರೂಮಿಗೆ ಬಂದರೂ ನಮ್ಮ ಹೋಟೆಲಿನದೇ ಯೋಚನೆ. ನಮ್ಮದು ನಡೆಯುತ್ತಿದ್ದದ್ದು ಇವರ ನಾಲಿಗೆಯ ಮೇಲೆ. ಬೆಳಿಗ್ಗೆ ಪ್ರತಿ ಪಾತ್ರೆಯಿಂದ ಒಂದೊಂದು ತೊಟ್ಟು ಅಂಗೈಗೆ. ಇವರು ಹೂಂ ಎಂದ ಮೇಲೇ ಶಟರ್ ಎತ್ತುವುದು. ನನ್ನನ್ನೂ ಪಾತ್ರೆಯ ಹತ್ತಿರ ಬಿಟ್ಟವರಲ್ಲ. ಚಳಿಗಾಲದ ಕೊನೆಗೆ ಇವರಿಗೆ ಜ್ವರ ಬಂದು ಹೋಯಿತು. ಅಲ್ಲಿಂದಾಚೆ ಏನಾಯಿತೋ... ಖಾಯಂ ಗಿರಾಕಿಗಳು ಮೂಗು ಮುರಿಯತೊಡಗಿದರು. ಒಂದು ದಿನ ತಳ ಹಿಡಿದ ಸಾರು, ಇನ್ನೊಂದು ದಿನ ಕಮಟು ಎಣ್ಣೆ. ಇವರು ಅಡುಗೆಯಣ್ಣನ ಮೇಲೆ ಹರಿಹಾಯ್ದರು. "ನಿನ್ನ ಕೈ ಕೆಟ್ಟು ಹೋಯ್ತು" ಎಂದರು, ಎಲ್ಲರೆದುರಿಗೆ. ನಮ್ಮ ಜೊತೆಗೇ ತಲೆ ನರೆತ ಮನುಷ್ಯ. ಹೆಗಲ ಮೇಲಿನ ಟವೆಲ್ ತೆಗೆದು ಗಲ್ಲಾ ಮೇಲಿಟ್ಟು ಹೊರಟುಹೋದ.

ಆಮೇಲೆ ಹೊಸಬರು ಬಂದರು, ಹೋದರು. ದೂರು ಮಾತ್ರ ನಿಲ್ಲಲಿಲ್ಲ. ಈಗ ಅರ್ಧಕ್ಕರ್ಧ ಟೇಬಲ್ ಖಾಲಿ. ಹೀಗೇ ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು ಹಾಕಬೇಕು. ಬಾಯಿಬಿಟ್ಟು ಹೇಳಲು ಭಯ. ಇಲ್ಲಿ ಬರೆಯುತ್ತಿದ್ದೇನೆ.

ಮೇ ೭, ಮಧ್ಯಾಹ್ನ

ರೂಮಿನ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಬೇಕರಿ ಅಕ್ಕ ಇವತ್ತು ನಮ್ಮ ಜೊತೆ ಬಂದರು. ಟೂರಿನಲ್ಲಿ ನನಗೆ ಆತ್ಮೀಯರು ಅವರೊಬ್ಬರೇ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಮಿಲ್ಕ್‌ಶೇಕ್ ತಗೊಂಡೆವು. ನನಗೆ ಚಾಕೊಲೇಟ್, ಇವರಿಗೆ ಸ್ಟ್ರಾಬೆರಿ. ಎರಡೂ ಒಂದೇ ಥರದ ಕಾಗದದ ಲೋಟ, ಮೇಲೆ ಮುಚ್ಚಳ, ನಡುವೆ ಸ್ಟ್ರಾ. ಒಂದು ಗುಟುಕು ಹೀರಿದೆ... ಸ್ಟ್ರಾಬೆರಿ. ಟ್ರೇ ಇಡುವಾಗ ನಾನೇ ಅದಲುಬದಲು ಮಾಡಿದ್ದೆ. ಇವರ ಕಡೆ ನೋಡಿದೆ. ಆಗಲೇ ಅರ್ಧ ಲೋಟ ಖಾಲಿ. ಬೈಯುತ್ತಾರೆ ಎಂದುಕೊಂಡೆ. ಏನೂ ಇಲ್ಲ. ತಮಾಷೆಗೆ ಕೇಳಿದೆ.

"ಹೇಗಿದೆ ಸ್ಟ್ರಾಬೆರಿ?"

"ಚೆನ್ನಾಗಿದೆ. ಹಣ್ಣು ತಾಜಾ ಇದೆ."

ಬೀದಿಯಲ್ಲಿ ನಿಂತೇ ಒಳಗೆ ಕುದಿಯುತ್ತಿರುವುದು ಯಾವ ಅಂಗಡಿಯ ಕಾಫಿಪುಡಿ ಎಂದು ಹೇಳುವ ಮನುಷ್ಯ ಇವರು! ಅಷ್ಟರಲ್ಲಿ ಬೇಕರಿ ಅಕ್ಕ ತಮ್ಮ ಕಡುಬಿನಂಥ ಪೈ ಮುರಿದು ಇವರ ಮುಂದೆ ಹಿಡಿದರು. "ಯಜಮಾನ್ರೇ, ಒಳಗೇನೋ ಘಮ್ ಅಂತಿದೆ. ಏನು ಹಾಕಿದ್ದಾರೆ ಹೇಳಿ ನೋಡೋಣ." ಇವರ ಮುಖ ಬಿಳಚಿಕೊಂಡಿತು. ನಾನೇ ಅದನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡೆ. "ಸೇಬು, ದಾಲ್ಚಿನ್ನಿ. ಇಷ್ಟು ಸುಲಭದ್ದಕ್ಕೆಲ್ಲ ಇವರು ಯಾಕೆ ಅಕ್ಕ?" ಅಕ್ಕ ಗಹಗಹಿಸಿ ನಕ್ಕರು. ಇವರೂ ನಕ್ಕರು. ನಾನು ಆ ಚಾಕೊಲೇಟ್ ಲೋಟವನ್ನು ಯಾರೂ ಮುಚ್ಚಳ ತೆಗೆದು ನೋಡದ ಹಾಗೆ ಕಸದ ಡಬ್ಬಕ್ಕೆ ಹಾಕಿ ಬಂದೆ.

ಮೇ ೮

ಮ್ಯೂಸಿಯಂ, ಸೇತುವೆ, ಇನ್ನೊಂದು ಮ್ಯೂಸಿಯಂ. ಒಂದೂ ತಲೆಗೆ ಹೋಗಲಿಲ್ಲ.

ಹಾಗಾದರೆ ಅಡುಗೆಯಣ್ಣನದು ತಪ್ಪೇ ಇರಲಿಲ್ಲ. ಒಂದು ಗಳಿಗೆ ಇವರ ಮೇಲೆ ಕೆಂಡದಂಥ ಕೋಪ. ಮರುಗಳಿಗೆ... ತಂಬಾಕು ವಾಸನೆ ಬಡಿಯುವ ಬಸ್ಸಿನಲ್ಲಿ ಇವರೊಬ್ಬರೇ ಹಾಯಾಗಿ ಕೂತಿದ್ದನ್ನು ನೋಡಿ ಕರುಳು ಚುರುಕ್ಕೆಂದಿತು.

ಮೇ ೧೦, ಸಂಜೆ

ಬೇರೆ ದೇಶಕ್ಕೆ ಬಂದೆವು. ಭಾಷೆ ಬೇರೆ, ದುಡ್ಡಿನ ಬಣ್ಣ ಬೇರೆ. ಅಂಗಡಿ ಮಾತ್ರ ಅದೇ, ಫ್ರೈಸೂ ಅದೇ. ಅದೇ ಉದ್ದ, ಅದೇ ಹೊಂಬಣ್ಣ. ಹೇಗಪ್ಪ ಸಾಧ್ಯ? ನಮ್ಮಲ್ಲಿ ಬೆಳಿಗ್ಗೆಯ ಸಾರಿಗೂ ಮಧ್ಯಾಹ್ನದ ಸಾರಿಗೂ ನೆಂಟಸ್ತಿಕೆ ಇರುವುದಿಲ್ಲ!

ಕೌಂಟರ್ ಹಿಂದೆ ಎಲ್ಲ ಕಾಣುತ್ತದೆ. ನನ್ನ ವಯಸ್ಸಿನ ಹೆಂಗಸೊಬ್ಬಳು, ಕೆಲಸಕ್ಕೆ ಹೊಸಬಳು. ಪಕ್ಕದಲ್ಲಿ ನಿಂತು ಒಬ್ಬ ಹೇಳಿಕೊಡುತ್ತಿದ್ದ. ಬುಟ್ಟಿ ಎಣ್ಣೆಗೆ ಇಳಿಸಿದಳು, ಗುಂಡಿ ಒತ್ತಿದಳು. ಗಂಟೆ ಹೊಡೆಯಿತು, ಎತ್ತಿದಳು. ಉಪ್ಪಿನ ಡಬ್ಬ ಒಮ್ಮೆ ಅಲ್ಲಾಡಿಸಿದಳು. ಅಷ್ಟೇ. ಹೊಸ ಕೈ, ಆದರೂ ಹಳೇ ರುಚಿ. ಇವರು ಅವಳನ್ನೇ ನೋಡುತ್ತ ಕೂತಿದ್ದರು. ಬರ್ಗರ್ ಆರಿ ತಣ್ಣಗಾಯಿತು.

"ಇಲ್ಲಿ ಯಾರೂ ರುಚೀನೇ ನೋಡ್ತಿಲ್ಲ, ಗಮನಿಸಿದ್ಯಾ?"

"ಗಂಟೆ ನೋಡ್ಕೊಳ್ಳುತ್ತಲ್ಲ."

"ಹೂಂ. ಗಂಟೆಗೆ ಜ್ವರ ಬರಲ್ಲ."

ಇನ್ನು ತಡೆಯಲಾಗಲಿಲ್ಲ. "ರೀ, ಮೊನ್ನೆ ನೀವು ಕುಡಿದದ್ದು ನನ್ನ ಚಾಕೊಲೇಟು."

ಟಿಶ್ಯೂ ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ತಲೆಯೆತ್ತದೆ ಹೇಳಿದರು.

"ಜ್ವರ ಬಿಟ್ಟಾಗಿಂದ ಹೀಗೇ. ಉಪ್ಪು, ಹುಳಿ, ಸಿಹಿ ಗೊತ್ತಾಗುತ್ತೆ. ವಾಸನೆ ಅನ್ನೋದೇ ಇಲ್ಲ. ಸೀದದ್ದು ತಿಳಿಯಲ್ಲ, ಹಳಸಿದ್ದು ತಿಳಿಯಲ್ಲ. ಕಾಫಿ ಅಂದ್ರೆ ಬಿಸಿ ಕಹಿ ನೀರು. ಇಲ್ಲಾದ್ರೆ ಯಾರೂ ಏನೂ ಕೇಳಲ್ಲ, ಏನು ತಿಂತೀನಿ ಅಂತ ಚಿತ್ರ ನೋಡಿದ್ರೇ ಗೊತ್ತು. ಫ್ರೈಸ್ ಅಗಿದ್ರೆ ಸದ್ದಾದ್ರೂ ಬರುತ್ತೆ. ತಿಂದ ಹಾಗಾಗುತ್ತೆ."

"ಡಾಕ್ಟ್ರ ಹತ್ರ ಹೋಗಬಾರದಿತ್ತಾ?"

"ಹೋಗಿದ್ದೆ, ನಿನಗೆ ಹೇಳ್ಲಿಲ್ಲ. ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು." ಟಿಶ್ಯೂವನ್ನು ಪಕ್ಕಕ್ಕಿಟ್ಟರು. "ನೀನು ಪಕ್ಕದಲ್ಲಿ ಬಂದು ಕೂತ್ರೂ ಈಗ ಕಣ್ಣು ಬಿಟ್ಟು ನೋಡಿದ್ರೇನೇ ಗೊತ್ತಾಗೋದು."

ಅತ್ತುಬಿಟ್ಟೆ. ಅಷ್ಟು ಜನರ ನಡುವೆ. ಆ ಹೊಸ ಹೆಂಗಸು ಮೇಜು ಒರೆಸಲು ಬಂದವಳು ಟಿಶ್ಯೂ ಕಾಗದದ ಒಂದು ಕಂತೆಯನ್ನೇ ನನ್ನ ಮುಂದಿಟ್ಟು ಹೋದಳು. ಅವಳ ಹೊಟ್ಟೆ ತಣ್ಣಗಿರಲಿ.

ಮೇ ೧೧, ಏರ್‌ಪೋರ್ಟ್

ಇಲ್ಲೂ ಒಂದಿದೆ! ಫ್ರೈಸ್ ತಂದರು, ಇಬ್ಬರಿಗೂ. ಗುಟ್ಟು ಹೊರಬಿದ್ದ ಮೇಲೆ ಮಾತು ನಿಲ್ಲುತ್ತಿಲ್ಲ. ಗಂಟೆ ತರೋಣ, ಅಳತೆಯ ಸೌಟು ಮಾಡಿಸೋಣ, ಎಣ್ಣೆ ಇಷ್ಟು ಸಲ ಕಾಸಿದ ಮೇಲೆ ಚೆಲ್ಲಿಬಿಡೋಣ... ಬೇಕರಿ ಅಕ್ಕನ ಮುಂದೆ ಅಮೆರಿಕದವರನ್ನು ಹೊಗಳಿದ್ದೇ ಹೊಗಳಿದ್ದು. "ಸ್ವಂತ ಅಳಿಯನನ್ನೂ ಇಷ್ಟು ಹೊಗಳಲ್ಲ ನಾನು" ಎಂದರು ಅಕ್ಕ.

ಅಕ್ಕ ಆಚೆ ಹೋದ ಮೇಲೆ ಹೇಳಿದೆ. "ಗಂಟೆ ಆಮೇಲೆ. ಮೊದಲು ಅಡುಗೆಯಣ್ಣ."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋ ಮುಖಾನೇ ತಗೊಂಡು ಹೋಗಿ."

ಇವರು ಉಳಿದ ಫ್ರೈಸನ್ನು ನನ್ನ ಕಡೆ ತಳ್ಳಿದರು.

ಮೇ ೧೫

ಹೋದರು. ನಾನೂ ಜೊತೆಗಿದ್ದೆ. ಅಡುಗೆಯಣ್ಣ ಬಾಗಿಲಲ್ಲೇ ನಿಂತಿದ್ದ, ಒಳಗೆ ಬನ್ನಿ ಎನ್ನಲಿಲ್ಲ. ಅವನ ಹೆಂಡತಿ, ಪಕ್ಕದ ಮನೆಯವರು, ಎಲ್ಲರೂ ನೋಡುತ್ತಿದ್ದರು. ಇವರು ಮೆಟ್ಟಿಲ ಕೆಳಗೆ ನಿಂತೇ ಹೇಳಿದರು. "ಕೆಟ್ಟಿದ್ದು ನಿನ್ನ ಕೈಯಲ್ಲ ಕಣಯ್ಯ, ನನ್ನ ಮೂಗು. ಸೀದದ್ದು ಗೊತ್ತಾಗದೆ ನಾನೇ ಹೂಂ ಅಂದೆ. ಬೈದದ್ದು ನಿನಗೆ."

ಅಡುಗೆಯಣ್ಣ ಇವರ ಮುಖ ನೋಡಿದ. "ಜ್ವರ ಬಂದಿದ್ದು ನಿಮಗೆ, ಬಾಯಿ ಕಹಿಯಾಗಿದ್ದು ನನಗೆ" ಎಂದ. ಆಮೇಲೆ ಸ್ಟೂಲ್ ತಂದು ಹಾಕಿದ. ಬರುತ್ತಾನಂತೆ. ಒಂದೇ ಷರತ್ತು. ಇನ್ನು ಮೇಲೆ ಪಾತ್ರೆ ಇಳಿಸುವ ಮುಂಚೆ ಅಮ್ಮ ರುಚಿ ನೋಡಬೇಕು.

"ನಾನಾ?" ಎಂದೆ. ಇವರ ಕಡೆ ನೋಡಲು ಧೈರ್ಯವಾಗಲಿಲ್ಲ.

"ಅವಳೇ ನೋಡ್ಲಿ" ಎಂದರು ಇವರು.

ಮೇ ೧೬, ಬೆಳಿಗ್ಗೆ

ಅಡುಗೆಮನೆಯಿಂದ ಪಾತ್ರೆಗಳ ಸದ್ದು, ಅಡುಗೆಯಣ್ಣನ ಗೊಣಗಾಟ. ಕಿವಿಗೆ ಹಿತವಾಗಿದೆ. ಶಟರ್ ಇನ್ನೂ ಎತ್ತಿಲ್ಲ. ಆಚೆ ಇಬ್ಬರು ಮೂವರು ಹಳೇ ಗಿರಾಕಿಗಳು ಕೆಮ್ಮುತ್ತ ನಿಂತಿದ್ದಾರೆ. ಅಡುಗೆಯಣ್ಣ ಬಂದ ಸುದ್ದಿ ಹೇಗೋ ಮುಟ್ಟಿದೆ.

ಕೆಟ್ಟದ್ದು ನನಗೂ ಗೊತ್ತಾಗದೆ ಹೋದರೆ? ಇಷ್ಟು ವರ್ಷ ಇವರು ಹೂಂ ಎಂದದ್ದನ್ನು ಉಂಡವಳು. ನನಗೂ ಒಂದು ನಾಲಿಗೆ ಇದೆ ಎಂದು ಯಾರು ಕೇಳಿದ್ದರು?

ಇವರು ಕರೆಯುತ್ತಿದ್ದಾರೆ. "ಬಾರೇ, ಸಾರು ಕುದಿ ಬಂತು. ಎಲ್ಲ ನಿನಗೋಸ್ಕರ ಕಾಯ್ತಿದ್ದೀವಿ." ಬಂದೆ ಎಂದೆ. ಈಗಷ್ಟೇ ಕಾಫಿ ಕುಡಿದಿದ್ದೇನೆ, ಬಾಯಿ ಮುಕ್ಕಳಿಸಿ ಹೋಗಬೇಕು. ಇಲ್ಲದಿದ್ದರೆ ರುಚಿ ಸರಿಯಾಗಿ ಗೊತ್ತಾಗುವುದಿಲ್ಲ.