ಕೊತ್ತತ್ತಿ ಕಾಲುವೆಯಲ್ಲಿ ಒಂದು ಅಡಿ

ಮಂಡ್ಯ, ೨೫ ಜೂನ್ ೧೯೪೧, ಬುಧವಾರ

ಕೊತ್ತತ್ತಿಯ ಹೊಸ ಕಿರುಗಾಲುವೆಯ ಕೊನೆಗೆ ನೀರು ತಲುಪಿಲ್ಲ. ಸುದ್ದಿ ತಂದವರು ಕೊನೆಯ ಗದ್ದೆಯ ಹೊನ್ನಯ್ಯ. ಮಧ್ಯಾಹ್ನ ಹೋಗಿ ನೋಡಿದೆ. ಅರ್ಧ ದಾರಿಯಲ್ಲೇ ನೀರು ನಿಂತಿದೆ.

"ಹತ್ತೊಂಬತ್ತು ದಿನ ಊರೋರೆಲ್ಲ ಅಗ್ದವ್ರೆ ಇಂಜಿನೇರಪ್ಪ. ನೀರು ಮಾತ್ರ ನಿಮ್ ಕಾಗ್ದ ಓದ್ಕಂಡಿಲ್ಲ ಕಣಪ್ಪ" ಎಂದರು ಹೊನ್ನಯ್ಯ. ಸುತ್ತ ನಿಂತಿದ್ದ ಊರಿನವರೆಲ್ಲ ನಕ್ಕರು.

ಅವರ ಹೆಂಡತಿ ಮಂಗಳಮ್ಮ ಮಾತ್ರ ನಗಲಿಲ್ಲ. "ನಗಾಡ್ತಾ ನಿಂತ್ಕಳಿ. ನಾಕ್ ದಿನದಾಗೆ ಪೈರೆಲ್ಲ ಒಣಗೋಯ್ತದೆ."

ಊರಿನವರು ಸರಿಯಾಗಿ ಅಗೆದಿಲ್ಲ, ಅವರೇ ಮತ್ತೆ ಅಗೆಯಲಿ ಎಂದು ಸೂಪರ್‌ವೈಸರ್ ವರದಿ ಬರೆದಿದ್ದಾರೆ. ಅದು ತಪ್ಪು. ಮಟ್ಟ ಅಳೆದವನು ನಾನು. ದುರ್ಬೀನಿನಲ್ಲಿ ಅಳತೆಕೋಲು ತಲೆಕೆಳಗಾಗಿ ಕಾಣುತ್ತದೆ. ಸಂಜೆ ಮತ್ತೆ ಅಳೆದಾಗ ತಿಳಿಯಿತು, ಏಳನೆಯ ಗೂಟದಲ್ಲಿ ನಾಲ್ಕು ಅಡಿಯನ್ನು ಐದು ಎಂದು ಓದಿದ್ದೇನೆ. ನೆಲ ಇರುವುದಕ್ಕಿಂತ ಒಂದು ಅಡಿ ತಗ್ಗೆಂದು ಲೆಕ್ಕ ಬಂತು; ಅಷ್ಟು ಕಡಿಮೆ ಅಗೆಸಿದ್ದರಿಂದ ಅಲ್ಲಿಂದ ಮುಂದೆ ಕಾಲುವೆಯ ತಳ ಒಂದು ಅಡಿ ಎತ್ತರದಲ್ಲಿ ಉಳಿದಿದೆ.

ಹೇಳಿದರೆ ತರಬೇತಿಯ ಸರ್ಟಿಫಿಕೇಟು ಸಿಗುವುದಿಲ್ಲ. ಅದಿಲ್ಲದೆ ಕಾಲೇಜಿನಲ್ಲಿ ಕೊನೆಯ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ. ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುವ ನಮ್ಮ ಅಬ್ಬಾ, ಮಗ ಇಂಜಿನಿಯರ್ ಆದನೆಂದು ಈಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎರಡು ಸಲ ಅಳತೆ ಬರೆದ ಲೆವೆಲ್ ಪುಸ್ತಕ ಮುಚ್ಚಿಟ್ಟು ಮಲಗಿದೆ, ಎರಡು ಸಲವೂ ಎದ್ದೆ.

ಲೆವೆಲ್ ಪುಸ್ತಕದಲ್ಲಿ ಅಂಕಿ ಅಳಿಸುವಂತಿಲ್ಲ. ಐದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಾಲ್ಕು ಬರೆದೆ. ಕೆಳಗೆ ಇಂದಿನ ತಾರೀಖು ಹಾಕಿ, ಹಮೀದ್ ಎಂದು ಸಹಿ ಮಾಡಿದೆ.

ಬೆಳಿಗ್ಗೆ ಏಳಕ್ಕೆ ಸೂಪರ್‌ವೈಸರ್ ಕೊತ್ತತ್ತಿಗೆ ಬರುತ್ತಾರೆ. ಪುಸ್ತಕವನ್ನು ಅವರ ಕೈಗೆ ಕೊಡಬೇಕು.