ಉಳಿದ ಹೊಸತೊಡಕಿನ ಬಾಡು

ನಿಂಗಾಜೀ,

ಈ ಕಾಗದವನ್ನು ನಿನಗೆ ಕಳಿಸುವಷ್ಟು ಸೋತಿಲ್ಲ ನಾನು. ಹೋದ ವರ್ಷ ಯುಗಾದಿಯ ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ಬಂದು, "ಅಕ್ಕಾ, ನಿನ್ನ ಸಾರಿಗೆ ಉಪ್ಪೇ ಇಲ್ಲ" ಅಂದವಳು ನೀನು. "ಹಂಗಾದ್ರೆ ಇನ್ನು ಬರಬ್ಯಾಡ" ಅಂದವಳು ನಾನು. ಈ ಸಲ ನೀನು ಅರೇಹಳ್ಳಿಯಿಂದ ಬರಲೇ ಇಲ್ಲ. ನಾನು ಎಂದಿನಷ್ಟೇ ನಾಟಿಕೋಳಿ ಬೇಯಿಸಿದ್ದೆ, ಉಳಿಯಿತು.

"ಚೆಲ್ಬಿಡಾಣ ಅತ್ತೆ" ಅಂದಳು ಸೊಸೆ.

"ಚೆಲ್ಲಾಕೆ ನಿಮ್ಮಪ್ಪ ತಂದಿದ್ನೇನೇ?"

ಇವತ್ತು ಆ ಬಾಡನ್ನೂ ಅನ್ನವನ್ನೂ ಮಡಕೆಗೆ ಪದರವಾಗಿ ಹಾಕಿ, ಮುಚ್ಚಳದ ಸುತ್ತ ರಾಗಿಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡ ಹರಡಿ ಬೇಯಿಸಿದೆ. ಮನೆಯವರೆಲ್ಲ ತಳ ಕೆರೆದು ತಿಂದರು. ನಿನಗಿಷ್ಟದ ಲಿವರ್ ಮಾತ್ರ ಯಾರಿಗೂ ಬಡಿಸಲಿಲ್ಲ. ಅರೇಹಳ್ಳಿಯ ಸಂಜೆ ಬಸ್ಸು ಬಂದು ಹೋದ ಮೇಲೆ ನಾನೇ ತಿಂದೆ.

ಉಪ್ಪು ಸರಿಯಾಗೇ ಇತ್ತು ಕಣೇ.